ಗೊಂಬೆ ಇನ್ನೊಂದು ತಿಂಗಳು ಇಲ್ಲಿರಲಿ

ಭಟ್ಕಳ, ಗುರುವಾರ

ಸುಷ್ಮಾ ಮೇಡಂ ಅವರಿಗೆ ನಮಸ್ಕಾರಗಳು.

ಹುಟ್ಟಿದ ಮಗುವಿಗೆ ಉಸಿರು ಕೊಡುವುದನ್ನು ಕಲಿಯಲೆಂದು ನೀವು ನಮ್ಮ ಹೆರಿಗೆ ವಾರ್ಡಿನಲ್ಲಿ ಬಿಟ್ಟುಹೋದ ರಬ್ಬರ್ ಗೊಂಬೆಯನ್ನು ಬರುವ ಶನಿವಾರ ನಿಮಗೆ ವಾಪಸು ಕಳಿಸಬೇಕು. ದಯವಿಟ್ಟು ಇನ್ನೊಂದು ತಿಂಗಳು ಇಲ್ಲೇ ಇರಲಿ.

ಹಿಂದಿನ ತರಬೇತಿಗಳಲ್ಲಿ ನಾವು ಸಹಿ ಹಾಕಿ, ಚಹಾ ಕುಡಿದು ಎದ್ದು ಬರುತ್ತಿದ್ದೆವು. ಈ ಸಲ ನೀವು ಹೇಳಿದಂತೆ ದಿನವೂ ಡ್ಯೂಟಿ ಬದಲಾಗುವಾಗ ಹತ್ತು ನಿಮಿಷ ಅಭ್ಯಾಸ ಮಾಡಿ, ಎಲ್ಲಿ ತಪ್ಪಿದೆವೆಂದು ಕೂತು ಮಾತಾಡಿದೆವು. ಇಪ್ಪತ್ತು ವರ್ಷ ಸರ್ವಿಸಾದ ವೀಣಕ್ಕನೇ ಮೂರನೇ ದಿನ, "ನಂಗೆ ಮಾಸ್ಕ್ ಸಮಾ ಹಿಡಿಯೂಕೆ ಬರೂದಿಲ್ಲ ಚಂದನಾ, ಇನ್ನೊಂದ್ಸಲ ತೋರ್ಸು" ಅಂದರು. ಮಗುವಿನ ಮೂಗು-ಬಾಯಿಗೆ ಹಿಡಿದು ಗಾಳಿ ಕೊಡುವ ಮಾಸ್ಕು ಅಲ್ಲಿಯವರೆಗೆ ಬೀಗದ ಕಪಾಟಿನಲ್ಲಿತ್ತು; ಅವತ್ತೇ ಮೇಜಿನ ಮೇಲಕ್ಕೆ ಬಂತು.

ನಿನ್ನೆ ಬೆಳಿಗ್ಗೆ ತೆಂಗಿನಗುಂಡಿಯ ಮಂಜಿಗೆ ಹೆಣ್ಣುಮಗು ಹುಟ್ಟಿತು. ಅಳಲೇ ಇಲ್ಲ. ಡಾಕ್ಟರು ಬೇರೊಂದು ಆಪರೇಷನ್ನಿನಲ್ಲಿದ್ದರು. ಬಾಗಿಲಾಚೆ ಮಂಜಿಯ ಅತ್ತೆ ಗಂಗಿ, "ಎಂತ ಆತು ಸಿಸ್ಟರೇ? ಮಗು ಯಾಕೆ ಕೂಗೂದಿಲ್ಲ?" ಎಂದು ಕೇಳುತ್ತಲೇ ಇದ್ದಳು. ವೀಣಕ್ಕ ಬಟ್ಟೆ ಹುಡುಕಿ ತಂದು ಮಗುವನ್ನು ಒರೆಸಿ, ತಲೆ ಸರಿಮಾಡಿ ಮಾಸ್ಕ್ ಹಿಡಿದರು. ನಾನು ಅದಕ್ಕೆ ಜೋಡಿಸಿದ ಗಾಳಿಚೀಲ ಒತ್ತಿದೆ. ಪುಟ್ಟ ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಆಮೇಲೆ ಮಗುವಿನದು ಎಂಥಾ ಕಿರುಚಾಟ ಮೇಡಂ! ವಾರ್ಡಿಗೆ ವಾರ್ಡೇ ಓಡಿ ಬಂತು.

ಇವತ್ತು ಗಂಗಿ ತಂದ ಲಾಡು ತಿಂದ ಮೇಲೆ ವೀಣಕ್ಕ ನಮ್ಮನ್ನೆಲ್ಲ ಕೂರಿಸಿ, "ನಿನ್ನೆ ಮಗು ಒರೆಸೂಕೆ ಬಟ್ಟೆ ಹುಡುಕಿದ್ವಲ್ಲ, ಮೊದ್ಲೇ ಎಂತಕ್ಕೆ ತೆಗೆದಿಡ್ಲಿಲ್ಲ?" ಎಂದು ಕೇಳಿದರು. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದೆವು. ಡ್ಯೂಟಿ ಮುಗಿದವರೂ ಏಳಲಿಲ್ಲ ಮೇಡಂ.

ನಿಮ್ಮ ವಿದ್ಯಾರ್ಥಿನಿ,
ಚಂದನಾ