ಹಗೇವಿನ ದೀಪ

ಭಾಲ್ಕಿ,
೯ ಆಗಸ್ಟ್ ೧೯೫೭

ಮುದ್ದಿನ ಗಿರಿಜಕ್ಕನಿಗೆ,

ನಿನ್ನ ಕೌಸುವಿನ ಸಾವಿರ ನಮಸ್ಕಾರ, ಜೊತೆಗೆ ಎರಡೂ ಕಿವಿ ಹಿಡಿದುಕೊಂಡು ಕ್ಷಮೆ. ಮದುವೆಯಾದ ಮೊದಲ ಪಂಚಮಿಗೆ ತವರಿಗೆ ಬರಲಿಲ್ಲ, ಯಾಕೆ ಬರಲಿಲ್ಲವೆಂದು ಬರೆಯಲೂ ಇಲ್ಲ. ಅವ್ವ ಜೋಕಾಲಿ ಕಟ್ಟಿಸಿ, ಅದು ಖಾಲಿ ತೂಗುವುದನ್ನು ನೋಡಿ ಅತ್ತಳಂತೆ. ಏನು ಮಾಡಲಿ ಅಕ್ಕಾ? ಹೊರಡುವ ದಿನ ಬೆಳಿಗ್ಗೆ ಇವರು ನನ್ನ ಟ್ರಂಕಿನ ಮೇಲೆ ಕುಳಿತುಬಿಟ್ಟರು. ಏಳಲೇ ಇಲ್ಲ! ತಹಸೀಲ ಕಚೇರಿಯ ಗುಮಾಸ್ತರೊಬ್ಬರು ಟ್ರಂಕಿನ ಮೇಲೆ ಹುಡುಗನಂತೆ ಕುಳಿತಿರುವುದನ್ನು ನೆನೆಸಿಕೋ. ಅತ್ತೆ ಶಾಲುಬಾಯಿಯವರು ಅಡುಗೆಮನೆಯಿಂದಲೇ "ಮಚ್ಛೇಂದ್ರಾ, ನಾಚಿಕಿ ಅಂಬೋದು ಅದ ಏನು ನಿನಗ?" ಎಂದರು. "ಇಲ್ಲಬೇ" ಎಂದರು ಇವರು.

ಇಂಗ್ಲಿಷಿನಲ್ಲಿ ಬರೆದರೆ ಹರಿದು ಒಲೆಗೆ ಹಾಕುತ್ತೇನೆಂದು ನೀನು ಬೆದರಿಸಿದ್ದಕ್ಕೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಹೈದರಾಬಾದಿನ ಸಾಲಿಯಲ್ಲಿ ಕಲಿಯದ್ದನ್ನೆಲ್ಲ ಈಗ ಕಲಿಯುತ್ತಿದ್ದೇನೆ, ಅದೂ ಇವರ ಜೊತೆ ಸೇರಿ. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಉರ್ದು ಕಾಗದಗಳೆಲ್ಲ ಕನ್ನಡಕ್ಕೆ ಬರಬೇಕಲ್ಲ. ಸಂಜೆ ಒಂದೇ ಕಂದೀಲಿನ ಮುಂದೆ ಇಬ್ಬರೂ ಅಕ್ಷರ ತಿದ್ದುತ್ತೇವೆ. ಇಷ್ಟು ಸುಖ ಒಬ್ಬಳಿಗೇ ಬರಬಹುದೇ ಎಂದು ಒಮ್ಮೊಮ್ಮೆ ಹೆದರಿಕೆಯಾಗುತ್ತದೆ.

ಈಗ ಊರಿನ ಸುದ್ದಿ. ನಮ್ಮ ಪಕ್ಕದ ಮನೆಯ ಕಾಶೀರಾಮ ಕಾಕಾ ಗೊತ್ತಲ್ಲ, ಮದುವೆಯಲ್ಲಿ ನಿನ್ನ ಮಗುವನ್ನು ಹೆಗಲ ಮೇಲೆ ಹೊತ್ತು ತಿರುಗಿದವರು? ಅವರದು ಚಿಕ್ಕ ಜೋಳದ ವ್ಯಾಪಾರ. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಸುಗ್ಗಿಯಲ್ಲಿ ಕೊಂಡ ಜೋಳವನ್ನು ಅಂಗಳದ ಎರಡು ಹಗೇವುಗಳಲ್ಲಿ ತುಂಬಿಸಿ, ಬಾಯಿಗೆ ಕಲ್ಲುಚಪ್ಪಡಿ ಹಾಕಿ, ಮೇಲೆ ಮಣ್ಣು ಮೆತ್ತಿ, ಧಾರಣೆ ಏರುವವರೆಗೆ ಕಾಯುತ್ತಾರೆ. ಆಳುದ್ದಕ್ಕಿಂತ ಆಳವಾದ ಆ ನೆಲದ ಗುಂಡಿಗಳೇ ಅವರ ಅಂಗಡಿ, ಅವರ ತಿಜೋರಿ, ಎಲ್ಲ. ಪಂಚಮಿಯ ಮಳೆಗೆ ಅಂಗಳದಲ್ಲಿ ಮೊಳಕಾಲುಮಟ್ಟ ನೀರು ನಿಂತು ಅವುಗಳೊಳಗೆ ಇಳಿದುಬಿಟ್ಟಿದೆ. ವಿಮೆ ಇಲ್ಲ. ಹೋದ ವರ್ಷ ಒಬ್ಬ ಏಜೆಂಟ ಬಂದಾಗ, "ನೆಲದಾಗಿನ ಜ್ವಾಳಕ್ಕ ಬೆಂಕಿ ಹತ್ತತದೇನ್ರಿ, ಕಳ್ಳ ಒಯ್ತಾನೇನ್ರಿ?" ಎಂದು ನಕ್ಕು, ಚಹಾ ಕುಡಿಸಿ ಕಳಿಸಿದ್ದರಂತೆ. ಈಗ ಆ ಮಾತನ್ನು ತಾವೇ ಎಲ್ಲರಿಗೂ ಹೇಳಿ ನಗುತ್ತಾರೆ. ನಗು ಮುಗಿದ ಮೇಲೆ ಅವರ ಮುಖ ನೋಡಲಾಗುವುದಿಲ್ಲ.

ಆದರೆ ನಮ್ಮ ಓಣಿ ಎಂಥ ಓಣಿ ಅಕ್ಕಾ! ಇವರೇ ಮುಂದೆ ನಿಂತು ಎಲ್ಲರನ್ನೂ ಸೇರಿಸಿದ್ದಾರೆ. ಒಣಗಿಸಲು ಪ್ರತಿ ಮನೆಯವರೂ ಮಾಳಿಗೆ ಬಿಟ್ಟುಕೊಟ್ಟಿದ್ದಾರೆ. ಕಾಕಾನ ಹಮಾಲ ಅಯ್ಯುಬ ಬಸ್ಸಿನಲ್ಲಿ ಔರಾದಕ್ಕೆ ಹೋಗಿ, ಮುಗ್ಗಿದ ಜೋಳವನ್ನು ದನಗಳಿಗಾಗಿ ಕೊಳ್ಳುವವರನ್ನು ಹುಡುಕಿ ಬಂದಿದ್ದಾನೆ. ಬೇಗ ತೆಗೆದರೆ ಅರ್ಧವಾದರೂ ಉಳಿಯುತ್ತದೆ, ಕಾಕಾ ಮತ್ತೆ ಎದ್ದು ನಿಲ್ಲುತ್ತಾರೆ. ತಡವಾದರೆ ಎಲ್ಲವೂ ಕೊಳೆಯುತ್ತದೆ.

ನಿನ್ನೆ ನಾನು ಬರಿಗಾಲಲ್ಲಿ ಆ ಅಂಗಳಕ್ಕೆ ಹೋಗಿದ್ದೆ. ನೆಲ ಬೆಚ್ಚಗಿತ್ತು, ಅಕ್ಕಾ! ಮಳೆಯ ನಡುವೆ, ಯಾರೋ ಆಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ. ಸೇಂದಿಯಂಥ ಹುಳಿವಾಸನೆ. ಯಾವಾಗಲೂ ಅಲ್ಲೇ ಬಿದ್ದಿರುತ್ತಿದ್ದ ನಾಯಿ ಈಗ ನಮ್ಮ ಕಟ್ಟೆಗೆ ಬಂದು ಮಲಗುತ್ತದೆ. ಓಡಿಸಿದರೂ ಹೋಗುವುದಿಲ್ಲ.

ನಾಳೆ ಮೊದಲ ಹಗೇವು ತೆರೆಯುತ್ತಾರೆ. ದೀಪ ಬಿಡುವವಳು ಯಾರು ಹೇಳು? ನಾನು! ಇಲ್ಲಿ ಚಪ್ಪಡಿ ತೆಗೆದೊಡನೆ ಮನೆಯ ಮುತ್ತೈದೆ ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಡುತ್ತಾಳೆ. ಉರಿದರೆ ಆಳು ಇಳಿಯಬಹುದು. ಆರಿದರೆ ಒಳಗೆ ಕೆಟ್ಟ ಗಾಳಿ ಇದೆಯೆಂದು ಬಾಯಿ ತೆರೆದಿಟ್ಟು ಕಾಯಬೇಕು. ಜನ ಇನ್ನೊಂದನ್ನೂ ಹೇಳುತ್ತಾರೆ: ದೀಪ ಆರಿದರೆ ಬಿಟ್ಟವಳ ಕಾಲ್ಗುಣ ಸರಿಯಿಲ್ಲ ಎಂದು. ಕಾಕಾನ ಮನೆಯಲ್ಲಿ ಹೆಂಗಸರಿಲ್ಲವಲ್ಲ, ಅದಕ್ಕೇ "ನೀನ ನನ್ನ ಮಗಳು, ಬಾ ಯವ್ವಾ" ಎಂದು ಕರೆದರು. ಹಸಿರು ಇಳಕಲ್ಲ ಸೀರೆ ಉಡಲೇ, ನೀನು ಕೊಟ್ಟ ಕುಂಕುಮದ ಬಣ್ಣದ್ದನ್ನೇ? ನಿನ್ನ ಉತ್ತರ ಬರುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಕುಂಕುಮದ್ದೇ ಉಡುತ್ತೇನೆ.

ಭಾವನಿಗೆ ನಮಸ್ಕಾರ, ಮಗುವಿಗೆ ಮುತ್ತು.

ನಿನ್ನ ಹುಚ್ಚು ತಂಗಿ,
ಕೌಸಲ್ಯಾ

* * *

ಭಾಲ್ಕಿ,
೧೯ ಆಗಸ್ಟ್ ೧೯೫೭

ಪ್ರೀತಿಯ ಅಕ್ಕಾ,

ನಮಸ್ಕಾರ. ಮತ್ತೆ ತಡ. ನಿನ್ನ ಪತ್ರ ಬಂದು ದಿಂಬಿನ ಕೆಳಗೆ ಇದೆ, ಉತ್ತರ ಬರೆಯಲು ಕುಳಿತಾಗಲೆಲ್ಲ ಯಾರಾದರೂ ಬರುತ್ತಾರೆ. ಭಾವ ಆ ದಿನ ಬೀದರ ಸ್ಟೇಷನ್ನಿಗೆ ಬಂದು ಅಯ್ಯುಬನನ್ನು ಟಾಂಗಾದಲ್ಲಿ ದವಾಖಾನೆಗೆ ಒಯ್ದು ಸೇರಿಸಿದರಲ್ಲ, ಆ ಉಪಕಾರ ನಾವು ಮರೆಯುವುದಿಲ್ಲ. ನೀನು ಮೈಲೂರಿನಿಂದ ದಿನವೂ ಅವನ ಹೆಂಡತಿ ವಹೀದಾಗೆ ಊಟ ಒಯ್ಯುತ್ತಿದ್ದೀ ಎಂದು ಓದಿ ಅತ್ತೆ ಕೈಮುಗಿದರು.

ಒಳ್ಳೆಯ ಸುದ್ದಿ ಮೊದಲು ಹೇಳುತ್ತೇನೆ. ಇವರಿಗೆ ಕಚೇರಿಯಲ್ಲಿ ಕನ್ನಡದ ಪರೀಕ್ಷೆ ಪಾಸಾಯಿತು! ಪೇಢೆ ತಂದರು. ನನಗೆ ಮಲ್ಲಿಗೆಯನ್ನೂ ತಂದರು. ದಿನಾ ತರುತ್ತಾರೆ. ಮೊದಲಿಗಿಂತ ಹೆಚ್ಚು ಪ್ರೀತಿ ಮಾಡುತ್ತಾರೆ ಎಂದರೆ ನಂಬುತ್ತೀಯಾ?

ಇರಲಿ. ನೀನು ಕೇಳಿದ್ದೀ, ಏನಾಯಿತೆಂದು. ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ.

ಚಪ್ಪಡಿ ಸರಿಸಿದಾಗ ಓಣಿಯ ಅರ್ಧ ಜನ ಅಲ್ಲಿದ್ದರು. ವಾಸನೆಗೆ ಹೆಂಗಸರು ಸೆರಗು ಮೂಗಿಗೆ ಹಿಡಿದರು. ನಾನು ಹಣತೆಯನ್ನು ಹಿತ್ತಾಳೆ ಗಿಂಡಿಯಲ್ಲಿಟ್ಟು ಮೆಲ್ಲಗೆ ಬಿಟ್ಟೆ. ಹೊಳೆಯುತ್ತ ಇಳಿಯಿತು, ಎಷ್ಟು ಚಂದವಾಗಿತ್ತು. ಇನ್ನೂ ಎರಡು ಮೊಳ ಇಳಿಯುವಷ್ಟರಲ್ಲಿ ಯಾರೋ ಬೆರಳಲ್ಲಿ ಅದುಮಿದ ಹಾಗೆ ಆರಿತು. ಹೊಗೆ ಕೂಡ ಮೇಲೆ ಬರಲಿಲ್ಲ.

ಹಿಂದಿನಿಂದ ಒಬ್ಬ ಮುದುಕಿ, "ಹೊಸಾ ಸೊಸಿ ಕೈಯಾಗ ಹಿಂಗಾತಲ್ಲವ್ವಾ" ಎಂದಳು. ಅತ್ತೆ ನನ್ನ ಕಡೆ ನೋಡಲೇ ಇಲ್ಲ, ನೆಲ ನೋಡಿದರು.

ಆಗ ಇವರು ದೊಡ್ಡದಾಗಿ ನಕ್ಕರು. "ಗಾಳಿ ಬಂತಲ್ರಿ! ನನಗ ಕಿವಿಗಿ ತಾಕಿತು. ಗಾಳಿಗಿ ಆರಿತು."

ಗಾಳಿ ಇರಲಿಲ್ಲ ಅಕ್ಕಾ. ಅಂಗಳದ ಬೇವಿನ ಒಂದು ಎಲೆಯೂ ಅಲುಗಲಿಲ್ಲ.

ಕಾಕಾ ತಲೆ ಕೆರೆದುಕೊಂಡರು. "ತಮ್ಮಾ, ಇವತ್ತೊಂದಿನ ಬಾಯಿ ತೆರದಿಟ್ಟು ಬಿಡೋಣೇನು?"

"ಯಾಕ ಕಾಕಾ? ನಮ್ಮಾಕಿ ದೀಪದ ಮ್ಯಾಲ ಸಂಶಯ ಬಂತೇನು?"

"ಛೇ, ಛೇ! ಏನ್ ಮಾತಾಡ್ತಿ! ನನ್ನ ಮಗಳಕಿ."

ಅಷ್ಟೇ. ಹಗೇವಿನ ಮೇಲೇ ಹುಟ್ಟಿ ಬೆಳೆದ ಜನ ಅವರೆಲ್ಲ. ಒಳಗೆ ಕೆಟ್ಟ ಗಾಳಿ ಇದೆಯೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಇನ್ನು ಯಾರು ಬಾಯಿ ತೆರೆದರೂ ನನ್ನನ್ನು ಬೈದ ಹಾಗಾಗುತ್ತಿತ್ತು. ಮರ್ಯಾದೆಗೆ ಸುಮ್ಮನಾದರು. ಮತ್ತೆ ದೀಪ ಹಚ್ಚಿ ಬಿಡಿರೆಂದು ಸಹ ಯಾರೂ ಹೇಳಲಿಲ್ಲ.

ಅಯ್ಯುಬ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತ ನನ್ನ ಕಡೆ ತಿರುಗಿದ. "ಭಾಬಿ, ದೀಪಾ ಆರಿದ್ರ ಆರಲಿ ಬಿಡ್ರಿ. ನಂದು ಬೆಕ್ಕಿನ ಕಣ್ಣು ಅದ. ಹೋಗ್ಲೇನ್ರಿ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಇಷ್ಟು ಜನರ ಮುಂದೆ ಗಂಡ ನನ್ನ ಪರ ನಿಂತ ಖುಷಿ ನನ್ನ ಮೈತುಂಬ ಇತ್ತು. "ಹೋಗಿ ಬರ್ರಿ" ಎಂದೆ.

ಒಳಗಿನಿಂದ ಒಮ್ಮೆ, "ಹಮಾಮಿನಂಗ ಬೆಚ್ಚಗದ್ರೀ!" ಎಂದು ಕೂಗಿದ. ಆಮೇಲೆ ಹಗ್ಗ ಸಡಿಲವಾಯಿತು. ಎಳೆದು ತೆಗೆದಾಗ ತುಟಿ ನೀಲಿ, ಮೂಗಿನ ತುಂಬ ಜೋಳ. ಇವರು ಅವನ ಎದೆ ಒತ್ತುತ್ತ, ಹೆಸರು ಹಿಡಿದು ಕೂಗುತ್ತ, ಮಗುವಿನಂತೆ ಅತ್ತರು. ಉಸಿರು ಬಂತು. ಎಚ್ಚರ ಬರಲಿಲ್ಲ. ಮುಂದಿನದು ನಿನಗೇ ಗೊತ್ತು.

ಮರುದಿನ ಪೊಲೀಸ್ ಫೌಜದಾರರು ಬಂದು ಕಾಕಾನ ಕಟ್ಟೆಯ ಮೇಲೆ ಕುಳಿತು, ದೀಪ ಬಿಟ್ಟಿದ್ದಿರಾ ಎಂದು ಕೇಳಿದರು. ನಾನು ನಮ್ಮ ಬಾಗಿಲ ಮರೆಯಲ್ಲಿದ್ದೆ. ಇವರೇ ಮೊದಲು ಉತ್ತರ ಕೊಟ್ಟರು: "ಇಲ್ರಿ ಸಾಹೇಬ್ರ. ದೀಪಾ ಬಿಡಲೇ ಇಲ್ಲ."

ಆರಿದ ದೀಪದ ಮಾತು ಬಂದರೆ ಅದು ಯಾರ ಕೈಯದು ಎಂಬ ಮಾತೂ ಬರುತ್ತದಲ್ಲ, ಅದಕ್ಕೆ. ಕಾಕಾ ಇವರ ಮುಖ ನೋಡಿದರು, ನಮ್ಮ ಬಾಗಿಲ ಕಡೆ ನೋಡಿದರು. ನನ್ನ ಸೀರೆಯ ಅಂಚು ಕಂಡಿರಬೇಕು. "ಹೌದ್ರಿ. ಗಡಿಬಿಡ್ಯಾಗ ಮರತೆ. ತಪ್ಪು ನಂದ" ಎಂದರು. ನೆರೆದ ಓಣಿಯವರೂ ತಲೆ ತಗ್ಗಿಸಿದರು.

ದೀಪ ಬಿಡದೆ ಆಳನ್ನು ಇಳಿಸಿದ್ದಕ್ಕೆ ಈಗ ಕಾಕಾನ ಮೇಲೆ ಕೇಸು. ವಿಚಾರಣೆ ಮುಗಿಯುವವರೆಗೆ ಎರಡೂ ಹಗೇವುಗಳಿಗೆ ಸೀಲು ಹಾಕಿದ್ದಾರೆ. ಔರಾದದವರು ಬೇರೆ ಕಡೆ ಕೊಂಡರು. ಒಣಗಿಸಲೆಂದು ಗುಡಿಸಿಟ್ಟ ಮಾಳಿಗೆಗಳೆಲ್ಲ ಖಾಲಿ ಇವೆ. ಜೋಳ ಕೆಳಗೆ ಕುದಿಯುತ್ತಿದೆ, ವಾಸನೆ ಈಗ ನಮ್ಮ ಅಡುಗೆಮನೆಗೂ ಬರುತ್ತದೆ. ಕಾಕಾನನ್ನು ಎತ್ತಿ ನಿಲ್ಲಿಸಲು ಹೋದವರು ನಾವು. ನಿನ್ನೆ ನಾನು ಊಟ ಒಯ್ದಾಗ ಕಣ್ಣೀರು ತಡೆಯಲಾಗಲಿಲ್ಲ. "ಅಳಬ್ಯಾಡ ಮಗಳ" ಎಂದರು ಕಾಕಾ. "ನನಗ ಹಿಂದಿಲ್ಲ ಮುಂದಿಲ್ಲ. ನೀ ಇನ್ನಾ ಈ ಓಣ್ಯಾಗ ಬಾಳೇ ಮಾಡಬೇಕು." ಆಮೇಲೆ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಚೇಷ್ಟೆ ಮಾಡಿದರು.

ಅವ್ವನಿಗೆ ಇದ್ಯಾವುದನ್ನೂ ತಿಳಿಸಬೇಡ. ಕೌಸು ಸುಖವಾಗಿದ್ದಾಳೆ, ದಿನಾ ಹೂ ಮುಡಿಯುತ್ತಾಳೆ ಎಂದು ಹೇಳು. ಅದು ಸುಳ್ಳಲ್ಲ. ಭಾವನಿಗೆ ನಮಸ್ಕಾರ. ಮಗುವನ್ನು ನನ್ನ ಹೆಸರಲ್ಲಿ ಎತ್ತಿಕೋ. ನಿನ್ನ ಆಶೀರ್ವಾದದ ಕೈ ನನ್ನ ತಲೆಯ ಮೇಲಿರಲಿ.

ನಿನ್ನ,
ಕೌಸಲ್ಯಾ

ತಾ. ಕ.: ನಾಳೆ ಫೌಜದಾರರು ನಮ್ಮ ಮನೆಗೆ ಬಂದು ಹೆಂಗಸರನ್ನೂ ಕೇಳುತ್ತಾರಂತೆ. ಏನು ಹೇಳಬೇಕೆಂದು ಇವರು ಕಂದೀಲಿನ ಮುಂದೆ ಕೂರಿಸಿಕೊಂಡು, ಕೈ ಹಿಡಿದುಕೊಂಡು ಕಲಿಸಿದ್ದಾರೆ. ನಾನು ಚೆನ್ನಾಗಿ ಒಪ್ಪಿಸುತ್ತೇನೆ, ಎಲ್ಲೂ ತಡವರಿಸುವುದಿಲ್ಲ. ಅತ್ತೆ ಮೆಚ್ಚಿದರು. ನಿಜ ಹೇಳಿದರೆ ಕಾಕಾ ಉಳಿಯುತ್ತಾರೆ, ಸುಳ್ಳು ಹೇಳಿದ್ದಕ್ಕೆ ಇವರ ನೌಕರಿ ಹೋಗುತ್ತದೆ, ಜೈಲೂ ಆಗಬಹುದು. ಇನ್ನು ದೀಪದ ಮಾತು ಹೇಳುವವನು ಅಯ್ಯುಬ ಒಬ್ಬನೇ. ಅವನಿಗೆ ಎಚ್ಚರ ಬಂದಿದೆ, ಕಣ್ಣು ತೆರೆದು ನೋಡುತ್ತಾನೆ, ಆದರೆ ಮಾತು ಹೊರಡುತ್ತಿಲ್ಲ, ಮುಂದೆ ಬರುತ್ತದೋ ಇಲ್ಲವೋ ಡಾಕ್ಟರರಿಗೂ ಗೊತ್ತಿಲ್ಲ ಎಂದು ನೀನು ಬರೆದಿದ್ದೀ. ವಹೀದಾ ಅವನ ಕಿವಿಯ ಹತ್ತಿರ ಕುಳಿತು ದಿನವಿಡೀ ಮಾತಾಡಿಸುತ್ತಾಳೆ ಎಂದೂ ಬರೆದಿದ್ದೀ. ಅದನ್ನು ಓದಿ ನಾನು ಅಳಬೇಕಿತ್ತು, ಅಕ್ಕಾ. ನನಗೆ ನಿರಾಳವಾಯಿತು.