ಕರಪತ್ರದಿಂದ ತೆಗೆದ ಸಾಲು

ಮೇಲಿನ ಮನೆ, ನಿನ್ನ ಕ್ಲಿನಿಕ್ಕಿನ ಕಟ್ಟಡ
ಮಾರ್ಚ್ 11, ಮಂಗಳವಾರ, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಫೆಬ್ರವರಿ ಹತ್ತೊಂಬತ್ತರ ಬುಧವಾರ ಹನ್ನೊಂದೂವರೆಗೆ ನಿನ್ನ ಕ್ಲಿನಿಕ್ಕಿನ ಎರಡನೇ ಕೋಣೆಯಲ್ಲಿ ಒಬ್ಬ ಬಸ್ ಡ್ರೈವರನ ತಲೆಗೆ ಸೂಜಿ ಆಡಿಸಿ, ಚುಚ್ಚಿದ ಜಾಗ ಇನ್ನೂ ಹಸಿಯಿರುವಾಗಲೇ ಕೂದಲು ಬೆಳೆಸುವ ಔಷಧ ಹಚ್ಚಲಾಯಿತು. ಮಾರ್ಚ್ ಮೂರರಂದು ನೀನು ಆ ತಪ್ಪನ್ನು ನಿನ್ನಲ್ಲಿ ಸಹಾಯಕಿಯಾಗಿರುವ ನನ್ನ ಮಗಳ ತಲೆಗೆ ಕಟ್ಟಿ, ಆರೋಗ್ಯ ಇಲಾಖೆಗೆ ಕೊಟ್ಟ ಉತ್ತರಕ್ಕೆ ಸಹಿ ಹಾಕಿದೆ. ಕ್ಷೇಮ ಸಮಾಚಾರ ಕೇಳುವುದಕ್ಕೆ ಮುಂಚೆಯೇ ಇದನ್ನು ಬರೆದೆನೆಂದು ಬೇಸರ ಮಾಡಿಕೊಳ್ಳಬೇಡ. ಈಗ ಕೇಳುತ್ತೇನೆ: ಬೆನ್ನು ನೋವು ಹೇಗಿದೆ? ಆ ಊರಿನ ನೀರು ಒಗ್ಗಿತೇ? ಹೊಸ ಶಾಖೆಯ ಬಣ್ಣ, ಬಾಗಿಲು ಎಲ್ಲ ಮುಗಿಯಿತೇ? ಎಂಟು ದಿನದಿಂದ ಫೋನ್ ಮಾಡುತ್ತಿದ್ದೇನೆ. ನಿನ್ನ ಹೆಂಡತಿ ಎತ್ತಿಕೊಂಡು, “ಅತ್ತಿಗೆ, ಅವ್ರು ಮೀಟಿಂಗ್‌ನಲ್ಲಿದಾರೆ” ಎನ್ನುತ್ತಾಳೆ. ಮೀಟಿಂಗ್ ಆದ ಮೇಲೆ ಊಟ, ಊಟದ ಮೇಲೆ ನಿದ್ದೆ, ನಿದ್ದೆಯ ಮೇಲೆ ಇನ್ನೊಂದು ಮೀಟಿಂಗ್. ಅವಳದೇನೂ ತಪ್ಪಿಲ್ಲ, ಪಾಪ, ಹೇಳಿಕೊಟ್ಟದ್ದನ್ನು ಹೇಳುತ್ತಾಳೆ. ಕಾಗದವಾದರೆ ಮೇಜಿನ ಮೇಲೆ ಬಿದ್ದಿರುತ್ತದೆ, ಎಂದಾದರೂ ಓದುತ್ತೀ ಎಂದು ಬರೆಯುತ್ತಿದ್ದೇನೆ.

ನಾವು ಹೇಗಿದ್ದೇವೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಡುಮನೆಯ ಕಿಟಕಿಗೆ ಅಡ್ಡವಾಗಿ ನಿನ್ನ ಜಾಹೀರಾತಿನ ಫ್ಲೆಕ್ಸ್ ಕಟ್ಟಿ ಐದು ತಿಂಗಳಾಯಿತು. ಹಗಲಲ್ಲೂ ದೀಪ ಬೇಕು. ಬಿಸಿಲು ಬಿದ್ದಾಗ ಅದರ ಅಕ್ಷರಗಳು ಒಳಗಿನಿಂದ ತಿರುಗುಮುರುಗಾಗಿ ಕಾಣುತ್ತವೆ: “ಒಂದೇ ಭೇಟಿಯಲ್ಲಿ ಸೂಜಿಯೂ ಔಷಧವೂ!” ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಅಚ್ಚುಕೂಟ ಸೇರಿದವಳು ನಾನು, ತಿರುಗಿಸಿದ ಅಕ್ಷರ ನನಗೆ ನೇರ ಅಕ್ಷರದಷ್ಟೇ ಸಲೀಸು. ಓದದೆ ಇರಲು ಆಗುವುದಿಲ್ಲ, ಅದೇ ಸಂಕಟ. ಹಿಂದಿನ ಮೆಟ್ಟಿಲಿಗೆ ಎಸಿ ಯಂತ್ರಗಳನ್ನು ಇಡಿಸಿ ನೀನು ದಾರಿ ಮುಚ್ಚಿಸಿದ ಮೇಲೆ, ಹಾಲು ತರಬೇಕೆಂದರೂ ನಿನ್ನ ರೋಗಿಗಳು ಕೂತಿರುವ ಕೋಣೆಯನ್ನು ಹಾದೇ ಹೋಗಬೇಕು. ಮೊದಲು ಅವರು “ಡಾಕ್ಟರ ಅಕ್ಕ” ಎಂದು ಜಾಗ ಬಿಡುತ್ತಿದ್ದರು. ಈಗಲೂ ಬಿಡುತ್ತಾರೆ, ಆದರೆ ನಾನು ಬಾಗಿಲು ದಾಟುವವರೆಗೆ ಯಾರೂ ಮಾತಾಡುವುದಿಲ್ಲ. ನನ್ನ ಮಗಳದೇ ತಪ್ಪು ಎಂದು ನೀನು ಗೋಡೆಗೆ ಅಂಟಿಸಿದ ನೋಟೀಸನ್ನು ಎಲ್ಲರೂ ಓದಿದ್ದಾರಲ್ಲ.

ಒಂದು ಮಾತು ಮೊದಲೇ ಸ್ಪಷ್ಟಪಡಿಸುತ್ತೇನೆ. ನಿನ್ನ ಚಿಕಿತ್ಸೆಯೇ ಬೂಟಾಟಿಕೆ ಎಂದು ನಾನು ಹೇಳುತ್ತಿಲ್ಲ. ನಿನಗೆ ಗೊತ್ತಲ್ಲ, ಕೈಗೆ ಸಿಕ್ಕಿದ್ದನ್ನು ಓದುವ ಚಟ ನನ್ನದು. ವಾರಪೂರ್ತಿ ಗ್ರಂಥಾಲಯದಲ್ಲಿ ಕೂತು ಓದಿದ್ದೇನೆ. ಬರೀ ಔಷಧ ಹಚ್ಚಿದವರಿಗಿಂತ, ನೆತ್ತಿಗೆ ಸಣ್ಣ ಸೂಜಿಗಳನ್ನು ಆಡಿಸಿಕೊಂಡು ಔಷಧವನ್ನೂ ಹಚ್ಚಿಕೊಂಡವರಿಗೆ ಹೆಚ್ಚು ಕೂದಲು ಬಂದದ್ದನ್ನು ಎಣಿಸಿ ನೋಡಿದವರಿದ್ದಾರೆ. ಆದರೆ ಹಾಗೆ ಎಣಿಸಿದವರು ಸೂಜಿ ಆಡಿಸಿದ ದಿನ ಔಷಧ ಹಚ್ಚಿಸದೆ ಮರುದಿನದವರೆಗೆ ಕಾಯಿಸಿದ್ದೂ ಅಲ್ಲೇ ಇದೆ. ಆ ಔಷಧ ಮೊದಲು ರಕ್ತದೊತ್ತಡ ಇಳಿಸಲು ಕೊಡುತ್ತಿದ್ದ ಮಾತ್ರೆ. ಗಟ್ಟಿ ಚರ್ಮದ ಮೇಲೆ ಹಚ್ಚಿದರೆ ಒಂದು ಚೂರು ಒಳಗಿಳಿಯುತ್ತದೆ. ಚುಚ್ಚಿದ ಚರ್ಮದ ಮೇಲೆ ಹಚ್ಚಿದರೆ ಎಷ್ಟು ಇಳಿಯುತ್ತದೋ ಹೇಳಲಾಗದು. ಎದೆ ಹೊಡೆದುಕೊಳ್ಳಬಹುದು, ತಲೆ ಸುತ್ತಿ ಬೀಳಬಹುದು. ಇದನ್ನು ನನಗೆ ಮೊದಲು ಹೇಳಿದವನು ಯಾವ ಪುಸ್ತಕವೂ ಅಲ್ಲ, ನೀನೇ. ಎರಡು ವರ್ಷದ ಹಿಂದೆ ನೀನು ಬರೆದ ಮೊದಲ ಕರಪತ್ರದ ಏಳನೇ ಸಾಲು: “ಸೂಜಿ ಆಡಿಸಿದ ನಂತರ ಇಪ್ಪತ್ತನಾಲ್ಕು ಗಂಟೆ ತಲೆಗೆ ಔಷಧ ಹಚ್ಚಬಾರದು.” ಅದರ ಕರಡು ತಿದ್ದಿದವಳು ನಾನು. ಎಷ್ಟು ಚೊಕ್ಕವಾಗಿ ಬರೆದಿದ್ದಾನೆ ನನ್ನ ತಮ್ಮ ಎಂದು ಹಿಗ್ಗಿದ್ದೆ.

ಕಳೆದ ಅಕ್ಟೋಬರಿನಲ್ಲಿ ಎರಡನೇ ಕರಪತ್ರದ ಕರಡು ಬಂತು. ಏಳನೇ ಸಾಲು ಇರಲಿಲ್ಲ. ಮೂವತ್ನಾಲ್ಕು ವರ್ಷ ಪತ್ರಿಕೆಯ ಕರಡು ತಿದ್ದಿದ ಕಣ್ಣಿಗೆ ಅದು ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ “ಒಂದು ಸಾಲು ಬಿಟ್ಟುಹೋಗಿದೆಯೇ?” ಎಂದು ಬರೆದು ನಿನಗೆ ಫೋನ್ ಮಾಡಿದೆ. ನೀನು ನಕ್ಕೆ. “ಬಿಟ್ಟುಹೋಗಿಲ್ಲ ಅಕ್ಕಾ, ನಾನೇ ತೆಗೆಸಿದೀನಿ. ಇವತ್ತು ಚುಚ್ಚಿಸ್ಕೊಂಡು ನಾಳೆ ಹಚ್ಕೊಳ್ಳಿ ಅಂದ್ರೆ ಜನಕ್ಕೆ ಅರ್ಧ ಕೆಲಸ ಮಾಡಿ ಕಳಿಸಿದ ಹಾಗಾಗತ್ತೆ. ಎದುರಿನ ಬೀದಿ ಕ್ಲಿನಿಕ್ಕಿನವನು ಒಂದೇ ಸಲಕ್ಕೆ ಎರಡೂ ಮಾಡ್ತಿದಾನೆ. ನೀನು ಕಾಗುಣಿತ ನೋಡು, ವೈದ್ಯ ನನಗೆ ಬಿಡು” ಎಂದೆ. ಮುಂದಿನ ವಾರವೇ ನನ್ನ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, “ನೋಡಮ್ಮಾ, ನೆಲ ಉತ್ತಾಗಲೇ ನೀರು ಬಿಡಬೇಕು, ಒಣಗಿದ ಮೇಲೆ ಬಿಟ್ರೆ ಏನು ಬಂತು?” ಎಂದು ಹೊಸ ಕ್ರಮ ಕಲಿಸಿದೆ. ಅವಳು ಮೇಲೆ ಬಂದು, “ಅಮ್ಮಾ, ಮಾವ ಹಿಂದೆ ಬೇರೆ ಹೇಳಿದ್ರಲ್ಲ?” ಎಂದು ನನ್ನನ್ನು ಕೇಳಿದಳು. “ಮಾವನಿಗೆ ಗೊತ್ತಿರುವಷ್ಟು ನಿನಗೆ ಗೊತ್ತಾ? ಸುಮ್ನೆ ಹೇಳಿದ ಹಾಗೆ ಮಾಡು” ಎಂದವಳು ನಾನೇ.

ಆ ಡ್ರೈವರನನ್ನು ನೀನು ನೋಡಿಯೇ ಇಲ್ಲ. ಆ ದಿನ ನೀನು ಊರಲ್ಲಿರಲಿಲ್ಲ. ನಾನು ಹೋಗಿ ನೋಡಿದೆ. ನಲವತ್ತೊಂದು ವರ್ಷ, ಮೂರು ಹೊತ್ತೂ ಟೋಪಿ ಹಾಕಿಕೊಂಡೇ ಇರುವುದರಿಂದ ಡಿಪೋದಲ್ಲಿ ಅವನನ್ನು “ಟೋಪಿ” ಎಂದೇ ಕರೆಯುತ್ತಾರಂತೆ. ನನ್ನ ಮಗಳು ಮರಗಟ್ಟಿಸುವ ಮುಲಾಮು ಹಚ್ಚಿ, ಹೊತ್ತು ನೋಡಿ ಕಾದು, ಸೂಜಿ ಆಡಿಸಿ, ಹತ್ತಿಯಿಂದ ಒತ್ತಿ, ನೀನು ಕಲಿಸಿದ ಹಾಗೆ ಔಷಧ ಹಚ್ಚಿ ಕಳಿಸಿದ್ದಾಳೆ. ಅವನು ರಸ್ತೆ ದಾಟಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಾಗ ಎದೆಯೊಳಗೆ ಎಂಜಿನ್ ಹತ್ತಿದ ಹಾಗಾಯಿತಂತೆ. ಎದ್ದು ನಿಂತವನು ಕಣ್ಣು ಕತ್ತಲಿಟ್ಟು ಕಲ್ಲಂಚಿಗೆ ಬಿದ್ದ. ಹುಬ್ಬಿಗೆ ನಾಲ್ಕು ಹೊಲಿಗೆ, ಎರಡು ದಿನ ಆಸ್ಪತ್ರೆ. ಈಗ ವೈದ್ಯರ ಪತ್ರ ಬರುವವರೆಗೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ನನ್ನನ್ನು ಬೈಯುತ್ತಾನೆ ಎಂದುಕೊಂಡು ಹೋಗಿದ್ದೆ. ಅವನು ಕುರ್ಚಿ ಒರೆಸಿ ಕೂರಿಸಿ, “ಇಷ್ಟು ವರ್ಷ ನಾನೇ ಟೋಪಿ ಹಾಕ್ಕೊಳ್ತಿದ್ದೆ ಅಮ್ಮಾ, ಈಗ ಇವ್ರು ಹಾಕಿದ್ರು” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: “ಅದೇ ಸಾಯಂಕಾಲದ ಪಾಳಿ ನಂದು. ಐವತ್ತು ಜನ ಹಿಂದೆ ಕೂತಿರುವಾಗ ಬಿದ್ದಿದ್ರೆ? ನನಗೆ ಅದೊಂದು ಗೊತ್ತಾಗ್ಬೇಕು, ಇದು ಯಾಕಾಯ್ತು ಅಂತ. ಮುಂದೆ ಹೋಗೋರಿಗಾದ್ರೂ ಹೇಳ್ಬಹುದು.”

ಯಾಕಾಯಿತು ಎಂದು ಅವನು ಆರೋಗ್ಯ ಇಲಾಖೆಗೆ ಬರೆದು ಕೇಳಿದ. ನೀನು ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ, ಅದನ್ನೇ ನೋಟೀಸು ಮಾಡಿ ಗೋಡೆಗೆ ಹಾಕಿದ್ದೀ, ದಿನಕ್ಕೆ ನಾಲ್ಕು ಸಲ ಅದರ ಮುಂದೆ ಹಾದುಹೋಗುತ್ತೇನೆ. “ಸಹಾಯಕಿಯು ನಮ್ಮ ಲಿಖಿತ ಕ್ರಮವನ್ನು ಮೀರಿ ಸ್ವಂತ ನಿರ್ಧಾರದಿಂದ ಔಷಧ ಹಚ್ಚಿರುವುದು ಕಂಡುಬಂದಿದೆ.” ಅದರ ಜೊತೆ ಮೊದಲ ಕರಪತ್ರವನ್ನು ಲಗತ್ತಿಸಿದ್ದೀ, ಎರಡನೆಯದನ್ನು ಎಲ್ಲ ಮೇಜುಗಳಿಂದ ತೆಗೆಸಿದ್ದೀ, ನನ್ನ ಕಿಟಕಿಯ ಫ್ಲೆಕ್ಸ್ ತೆಗೆಸಲು ಮಾತ್ರ ಮರೆತಿದ್ದೀ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಚಿಕ್ಕಂದಿನಲ್ಲಿ ನಿನಗೆ ಹೇಳಿಕೊಟ್ಟವಳು ನಾನು, ನೀನು ಅದನ್ನು ಪಾಠವೆಂದು ತಿಳಿದುಕೊಂಡೆಯಾ? ಆರನೇ ತರಗತಿಯಲ್ಲಿ ನೀನೇ ಶಾಲೆಯ ಭೂಪಟ ಹರಿದು ಅಕ್ಕ ಹರಿದಳು ಎಂದೆ. ನಾನು ಇಡೀ ಶಾಲೆಯ ಎದುರು ನಿಂತು ಹೌದು ಎಂದೆ. ನೀನು ಚಿಕ್ಕವನು, ನಾನು ದೊಡ್ಡವಳು, ಅದರಲ್ಲಿ ನನಗೊಂದು ಜಂಭವೂ ಇತ್ತು. ಆದರೆ ಆಗ ನೀನು ಹೊರಿಸಿದ್ದು ನನ್ನ ಹೆಗಲಿಗೆ, ಹೊರುತ್ತೇನೆ ಎಂದು ನಾನು ಒಪ್ಪಿದ್ದೆ. ಈ ಹುಡುಗಿಯನ್ನು ನೀನು ಒಂದು ಮಾತು ಕೇಳಲಿಲ್ಲ.

ಅವಳು ಈಗಲೂ ಬೆಳಿಗ್ಗೆ ಒಂಬತ್ತಕ್ಕೆ ಕೆಳಗಿಳಿಯುತ್ತಾಳೆ. ಸೂಜಿ ಮುಟ್ಟಲು ಬಿಡುವುದಿಲ್ಲವಂತೆ, ಟವೆಲ್ ಮಡಚುತ್ತಾಳೆ, ತನ್ನನ್ನೇ ದೂರುವ ನೋಟೀಸಿನ ಎದುರಿಗೇ ಟೋಕನ್ ಕೊಡುತ್ತಾಳೆ. “ಇವಳೇ ಅಲ್ವಾ?” ಎಂದು ಒಬ್ಬಾಕೆ ಪಕ್ಕದವಳಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕೆಲಸ ಬಿಡು ಎನ್ನೋಣವೆಂದರೆ ಕೆಲಸವೂ ನಿನ್ನದು, ಮನೆಯೂ ನಿನ್ನದು. ಬಿಟ್ಟರೆ ತಪ್ಪೊಪ್ಪಿ ಓಡಿಹೋದಳು ಎನ್ನುತ್ತಾರೆ. ಇಲ್ಲೇ ಇದ್ದರೆ ದಿನವೂ ಇದು. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೆಂಪು ಶಾಯಿಯ ಆ ಕರಡು ನನ್ನ ಬಳಿಯೇ ಇದೆ. ಅದನ್ನು ಇಲಾಖೆಯ ಮೇಜಿನ ಮೇಲಿಟ್ಟರೆ ಎಲ್ಲ ಮುಗಿಯುತ್ತದೆ ಎಂದು ನಿನಗೂ ಅನ್ನಿಸಬಹುದು. ಆದರೆ ನಿನ್ನ ಫೋನ್ ಆದ ಮೇಲೆ ನಾನು ನನ್ನ ಪ್ರಶ್ನೆಯನ್ನು ಹೊಡೆದುಹಾಕಿ, ಕೆಳಗೆ “ಸರಿಯಿದೆ, ಅಚ್ಚಿಗೆ ಹೋಗಲಿ” ಎಂದು ಬರೆದು ಸಹಿ ಮಾಡಿದ್ದೇನೆ. ಮಗಳನ್ನು ಬಿಡಿಸುವ ಕಾಗದದಲ್ಲೇ ನಾನು ಸಿಕ್ಕಿಬೀಳುತ್ತೇನೆ. ಇಷ್ಟು ದಿನ ನನ್ನ ಬಾಯಿ ಕಟ್ಟಿದ್ದು ನಿನ್ನ ಹೆದರಿಕೆಯಲ್ಲ, ಅದು. ಊರಿನ ತಪ್ಪುಗಳನ್ನೆಲ್ಲ ಪತ್ರಿಕೆಗೆ ಬರೆದು ಖಂಡಿಸಿದವಳು ನಾನು, ನನ್ನದೊಂದನ್ನು ಪೆಟ್ಟಿಗೆಯಲ್ಲಿ ಮಡಚಿಟ್ಟುಕೊಂಡಿದ್ದೆ.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ನೆಲದ ಮೇಲೆ ಮಲಗಬೇಡ. ನಿನ್ನ ಹೆಂಡತಿಗೆ ನನ್ನ ಆಶೀರ್ವಾದ ತಿಳಿಸು, ಅವಳ ಮೇಲೆ ನನಗೆ ಸಿಟ್ಟಿಲ್ಲ. ನಿನಗೂ ಒಳ್ಳೆಯದಾಗಲಿ ಎಂದೇ ಬಯಸುತ್ತೇನೆ, ಹಾಗೆ ಬಯಸದೆ ಇರಲು ನನಗೆ ಬರುವುದಿಲ್ಲ.

ನಿನ್ನ
ಅಕ್ಕ

ಸಾಯಂಕಾಲ ಸೇರಿಸಿದ ಮಾತು: ಬೆಳಿಗ್ಗೆ ಕಾಗದ ಮಡಚುವಾಗ ನಿನ್ನ ಮ್ಯಾನೇಜರ್ ಮೇಲೆ ಬಂದಿದ್ದ. ಮಗಳ ಕೈಗೆ ಟೈಪು ಮಾಡಿದ ಒಂದು ಹಾಳೆ ಕೊಟ್ಟು, “ಇದಕ್ಕೊಂದು ಸೈನ್ ಹಾಕ್ಬಿಡಮ್ಮಾ, ಡಾಕ್ಟ್ರು ಹೇಳಿದಾರೆ, ಹೊಸ ಬ್ರಾಂಚಲ್ಲಿ ಕೆಲಸ ಗ್ಯಾರಂಟಿ, ಅಮ್ಮ ಇಲ್ಲೇ ಇರಬಹುದು” ಎಂದ. ತಪ್ಪು ತನ್ನದೇ ಎಂಬ ಒಪ್ಪಿಗೆ ಅದು. ಮಗಳು ಪೆನ್ನು ತೆರೆದಿದ್ದಳು, ತಮ್ಮಾ. ನನಗೆ ಸೂರು ಉಳಿಯಲಿ ಎಂದು ತೆರೆದಿದ್ದಳು. ನಾನು ಹಾಳೆ ಕಿತ್ತುಕೊಂಡೆ. ಅವನೆದುರೇ ಪೆಟ್ಟಿಗೆ ತೆಗೆದು ಕರಡನ್ನು ಮಗಳ ಕೈಗೆ ಕೊಟ್ಟೆ. ಅವಳು ನನ್ನ ಸಹಿಯನ್ನೂ ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದಳು. ಇದೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಿನ್ನ ಕಾಯುವ ಕೋಣೆಗೆ ಡ್ರೈವರನನ್ನೂ, ಅಕ್ಟೋಬರಿನಿಂದ ಈಚೆಗೆ ಸೂಜಿ ಹಾಕಿಸಿಕೊಂಡವರನ್ನೂ, ಇಲಾಖೆಯ ಅಧಿಕಾರಿಯನ್ನೂ ಬರಹೇಳಿದ್ದೇನೆ. ನಾನು ಮಾಡಿದ್ದನ್ನು ನಾನು ಮೊದಲು ಎದ್ದು ನಿಂತು ಹೇಳುತ್ತೇನೆ. ಆಮೇಲೆ ನಿನ್ನ ಸರದಿ. ಫೋನಿನಲ್ಲಲ್ಲ, ಮ್ಯಾನೇಜರನ ಬಾಯಲ್ಲಲ್ಲ, ವಕೀಲರ ಕಾಗದದಲ್ಲಲ್ಲ. ಅಷ್ಟು ಜನರ ಎದುರು ಬಂದು ನಿಂತು ಉತ್ತರ ಕೊಡು: ಆ ಏಳನೇ ಸಾಲನ್ನು ತೆಗೆಸಿದವರು ಯಾರು?