ಕಿವಿಗಿಟ್ಟ ಒಂದನೇ ನಂಬರ್ ಹತ್ತಿ

ಗುರುವಾರ, ಮಧ್ಯಾಹ್ನ
ಹಾಸಿಗೆ ಅಂಗಡಿಯಿಂದ

ನನ್ನ ಹಟಮಾರಿ ಮಗಳಿಗೆ ಅಮ್ಮನ ಆಶೀರ್ವಾದ.

ಚೂಟಿ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಬರೆದಿಟ್ಟಿದ್ದೇನೆ. ಮುಂದಿನದನ್ನು ಓದುವಾಗ ಎದೆ ಹೊಡೆದುಕೊಂಡರೆ ಈ ಸಾಲಿಗೆ ವಾಪಸು ಬಾ.

ದಿನಾ ಸಂಜೆ ನೀನು ಫೋನ್ ಮಾಡಿ ಮಗಳ ಕಿವಿ ಹೇಗಿದೆ ಎಂದು ಕೇಳಿದಾಗ ಒಣಗಿದೆ, ನೋವಿಲ್ಲ ಎಂದೆ. ಅವಳ ಕೈಗೆ ಕೊಡು ಎಂದರೆ ಆಟದಲ್ಲಿದ್ದಾಳೆ ಎಂದೆ. ಆಟದಲ್ಲಿದ್ದದ್ದು ನಿಜ. ಉಳಿದದ್ದು ನಾನು ಗಿರಾಕಿಗಳಿಗೆ ಹೇಳುವ ಜಾತಿಯ ಮಾತು. ನಾಳೆ ನಿನ್ನ ರೈಲು ಓಡಿಸುವ ಕೊನೆಯ ಪರೀಕ್ಷೆ. ನಿಜ ಹೇಳಿದ್ದರೆ ನೀನು ಎಂಜಿನ್ನಿನಿಂದ ಹಾರಿ ಮನೆಗೆ ಓಡಿ ಬರುವವಳು. ಆಮೇಲೆ ಆ ತರಬೇತಿಗೆ ಮತ್ತೆ ಕರೆಯುವುದು ಯಾವ ಕಾಲಕ್ಕೋ. ಅದಕ್ಕೇ ಈ ಕಾಗದ. ಅಂಚೆಯ ನಿಧಾನದ ಮೇಲೆ ನನಗೆ ಪೂರ್ತಿ ಭರವಸೆ. ಪರೀಕ್ಷೆ ಮುಗಿಯುವ ಮೊದಲು ಇದು ನಿನ್ನ ಕೈ ಸೇರುವುದಿಲ್ಲ.

ನಡೆದದ್ದು ಇಷ್ಟು. ನೀನು ಹೋದ ಮರುದಿನ ಅವಳ ಎಡಗಿವಿಯಿಂದ ಹಳದಿ ನೀರು ಸೋರಿತು. ಆಪರೇಷನ್ ಆದ ಮೇಲೆ ಕೆಲವು ದಿನ ಸೋರಬಹುದು, ಕಿವಿಯ ಪರದೆಗೆ ಟ್ಯೂಬ್ ಇಟ್ಟಿರುವುದೇ ಒಳಗೆ ಕಟ್ಟಿಕೊಂಡ ನೀರು ಹೊರಬರಲಿ ಎಂದು, ಹೊರಗಷ್ಟೇ ಒರೆಸಿ, ಒಳಗೆ ಏನೂ ತುರುಕಬೇಡಿ ಎಂದು ಡಾಕ್ಟರಮ್ಮ ನಿನ್ನೆದುರೇ ಹೇಳಿದ್ದರು. ನಾನೂ ದೊಡ್ಡದಾಗಿ ತಲೆಯಾಡಿಸಿದ್ದೆ. ಆದರೆ ಚೂಟಿ ಮಲಗಿದ್ದದ್ದು ಮಾರಾಟಕ್ಕಿಟ್ಟ ಬಿಳಿ ದಿಂಬಿನ ಮೇಲೆ. ದಿಂಬಿಗೆ ಕಲೆಯಾದರೆ ಈ ಕೈ ಸುಮ್ಮನಿರುತ್ತದೆಯೇ? ಅಲುಗಾಡುವ ಮೇಜಿನ ಕಾಲಿಗೆ ಹತ್ತಿ, ಗಾಳಿ ನುಗ್ಗುವ ಕಿಟಕಿ ಸಂದಿಗೆ ಹತ್ತಿ. ನನಗೆ ಗೊತ್ತಿರುವ ಚಿಕಿತ್ಸೆ ಅದೊಂದೇ. ಮೂಟೆಯಿಂದ ಒಂದನೇ ನಂಬರ್ ಹತ್ತಿ ತೆಗೆದು, ಹಿಂಜಿ, ಹದವಾಗಿ ಉಂಡೆ ಮಾಡಿ ಕಿವಿಗೆ ಒತ್ತಿದೆ. ಒಂದು ಹನಿ ಆಚೆ ಬರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಮಗು ಕಿವಿ ಹಿಡಿದುಕೊಂಡು ಅಳತೊಡಗಿತು. ಮೈ ಬಿಸಿ. ಎತ್ತಿಕೊಂಡು ಓಡಿದೆ. ಗಿರಾಕಿಯೊಬ್ಬರು ಹಾಸಿಗೆ ಮೆತ್ತಗಿದೆಯೇ ಎಂದು ಮಲಗಿ ನೋಡುತ್ತಿದ್ದದ್ದೂ ನೆನಪಿಗೆ ಬರಲಿಲ್ಲ. ವಾಪಸು ಬಂದಾಗ ಅಲ್ಲೇ ಗೊರಕೆ ಹೊಡೆಯುತ್ತಿದ್ದರು. ಎದ್ದು, ಚೌಕಾಸಿಯಿಲ್ಲದೆ ಅದನ್ನೇ ಕೊಂಡರು.

ಡಾಕ್ಟರಮ್ಮ ಚಿಮಟದಲ್ಲಿ ಹತ್ತಿ ಎಳೆದರು. ಎಳೆಯುತ್ತಲೇ ಇದ್ದರು. ಕೊನೆಗೆ ತಟ್ಟೆಯಲ್ಲಿ ಬಿದ್ದದ್ದನ್ನು ನೋಡಿ, "ಅಮ್ಮಾ, ನೀರು ಹೊರಗೆ ಹೋಗಲಿ ಅಂತ ನಾನು ಬಾಗಿಲು ಇಟ್ಟಿದೀನಿ. ನೀವು ಅದಕ್ಕೆ ಅಡ್ಡ ಹಾಸಿಗೆ ಹಾಕಿದೀರಲ್ಲ" ಎಂದರು. ಹತ್ತಿ ಮಾತ್ರ ಒಳ್ಳೇ ಜಾತಿಯದು ಎಂದು ನಾನು ಅಂದೆ. ಯಾಕಾದರೂ ಅಂದೆನೋ. ಅವರು ನೋಡಿದ ನೋಟಕ್ಕೆ ಕುರ್ಚಿಯ ಕೆಳಗೆ ಅಡಗೋಣ ಅನ್ನಿಸಿತು.

ಸೋಂಕಾಗಿತ್ತು. ಕಿವಿ ಶುಚಿ ಮಾಡಿ, ಟ್ಯೂಬ್ ಇದ್ದಲ್ಲೇ ಇದೆ ಎಂದು ಹೇಳಿ, ಹನಿ ಔಷಧ ಕೊಟ್ಟರು. ಈಗ ಬಾಟಲಿಯನ್ನು ಅಂಗೈಯಲ್ಲಿ ಬೆಚ್ಚಗಾಗಿಸಿ, ಹನಿ ಬಿಟ್ಟು, ಕಿವಿಯ ಬಾಯಿಯ ಮುಂದಿನ ಸಣ್ಣ ಉಬ್ಬನ್ನು ಮೆಲ್ಲಗೆ ಒತ್ತುತ್ತೇನೆ. ಮೊದಲ ಸಲ ಚೂಟಿ ಮುಖ ಕಿವುಚಿ, ಕಿವಿಗೆ ಹಾಕಿದ್ದು ಬಾಯಿಗೆ ಬಂದು ಕಹಿಯಾಯಿತು ಎಂದು ದೂರಿದಳು. ಮತ್ತೆ ಓಡಿದೆ. ಹನಿ ಟ್ಯೂಬ್ ದಾಟಿ ಗಂಟಲಿಗೆ ಇಳಿದಿದೆ, ಹಾಗಾದರೆ ದಾರಿ ತೆರೆದಿದೆ, ಒಳ್ಳೆಯದೇ ಆಯಿತು ಎಂದು ಡಾಕ್ಟರಮ್ಮ ನಕ್ಕರು. ನಿನ್ನೆಯಿಂದ ಸೋರುವುದು ನಿಂತಿದೆ. ಜ್ವರವಿಲ್ಲ, ನೋವಿಲ್ಲ. ಇದು ಗಿರಾಕಿಗೆ ಹೇಳುವ ಮಾತಲ್ಲ.

ಈಗಿರುವ ತೊಂದರೆಯೇ ಬೇರೆ. ಆಪರೇಷನ್ನಿಗೆ ಮೊದಲು ಬೆನ್ನ ಹಿಂದೆ ನಿಂತು ಕೂಗಿದರೂ ತಿರುಗದಿದ್ದ ಮಗುವಿಗೆ ಈಗ ಎಲ್ಲವೂ ಕೇಳಿಸುತ್ತಿದೆ. ಬೆಳಿಗ್ಗೆ ಒಬ್ಬಾಕೆಗೆ, ಈ ಥರದ್ದು ಇದೊಂದೇ ಉಳಿದಿದೆ, ನಿಮಗೆ ಅಂತ ಕೊಡುತ್ತಿದ್ದೇನೆ ಎಂದು ಪಿಸುಗುಟ್ಟಿದೆ. ಹಿಂದಿನ ಕೋಣೆಯಿಂದ ಉತ್ತರ ಬಂತು: "ಇಲ್ಲ ಅಜ್ಜಿ, ಇಲ್ಲಿ ಇನ್ನೂ ತುಂಬಾ ಇದಾವೆ." ಆಕೆ ಎದ್ದು ಹೋದರು. ನನಗೆ ಹೊಟ್ಟೆಯೂ ಉರಿಯಿತು, ಕಣ್ಣೂ ತುಂಬಿತು. ಅಷ್ಟು ದೂರದಿಂದ ಪಿಸುಮಾತು ಕೇಳಿಸಿತಲ್ಲ, ಮಗಳೇ.

ಮಗುವನ್ನು ಇನ್ನು ನನ್ನ ಹತ್ತಿರ ಬಿಡುವುದಿಲ್ಲ ಎಂದು ನೀನು ಹೇಳಿದರೆ ವಾದಿಸಲು ನನ್ನಲ್ಲಿ ಮಾತಿಲ್ಲ. ನನಗೆ ಮಾತಿಲ್ಲ ಎಂದರೆ ಅದೆಷ್ಟು ದೊಡ್ಡ ವಿಷಯ ಎಂದು ನಿನಗೇ ಗೊತ್ತು.

ಬಾಯಿಗೆ ತಾತ್ಕಾಲಿಕವಾಗಿ ಬೀಗ ಹಾಕಿಕೊಂಡಿರುವ
ನಿನ್ನ ಅಮ್ಮ

ವಿ.ಸೂ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಚೂಟಿ ಬಂದು ಏನು ಬರೆದೆ ಎಂದಳು. ಅಮ್ಮನಿಗೆ ನಿನ್ನ ಕಿವಿಯ ವಿಷಯ ಎಂದೆ. "ಅಮ್ಮಂಗೆ ಗೊತ್ತಲ್ಲ. ಹತ್ತಿ ತೆಗೆದ ದಿನಾನೇ ನಿನ್ನ ಫೋನಲ್ಲಿ ಹೇಳ್ದೆ. ಅಜ್ಜಿಗೆ ಹೇಳ್ಬೇಡ, ಪಾಪ, ಹೆದರ್ಕೋತಾಳೆ ಅಂದ್ಲು" ಎಂದಳು. ಹಾಗಾದರೆ ನಾನು ದಿನಾ ಒಣಗಿದೆ, ಒಣಗಿದೆ ಎನ್ನುವಾಗ ನೀನು ಆ ತುದಿಯಲ್ಲಿ ಎಲ್ಲಾ ಗೊತ್ತಿದ್ದೂ ಹೂಂಗುಟ್ಟುತ್ತಿದ್ದೆ. ಆದರೂ ಓಡಿ ಬರಲಿಲ್ಲ. ಮಗುವನ್ನು ನನ್ನ ಹತ್ತಿರವೇ ಬಿಟ್ಟೆ. ಇವತ್ತು ಸಂಜೆಯೂ ಒಣಗಿದೆ ಎಂದೇ ಹೇಳುತ್ತೇನೆ. ಇವತ್ತು ಅದು ನಿಜ.